ಹೂತಿಟ್ಟ ಕಿವಿ

ಶಾಗ್ಯ
೨ ಡಿಸೆಂಬರ್ ೨೦೨೫

ಯಶು,

ಎರಡೂ ಹತ್ತಕ್ಕೆ ಸೈರನ್ ಕೂಗಿ ಎಚ್ಚರವಾಯಿತು. ಮೊದಲು ಸೈರನ್, ಅದರ ಬೆನ್ನಿಗೆ ಪಾಪು, ಪಾಪುವಿನ ಬೆನ್ನಿಗೆ ಊರ ನಾಯಿಗಳು. ಈಗ ನಾಯಿಗಳೂ ಸುಮ್ಮನಾಗಿವೆ, ಪಾಪುವೂ ಮಲಗಿದೆ. ನಾನೊಬ್ಬಳೇ ಒಲೆ ಪಕ್ಕ ದೀಪ ಹಾಕಿಕೊಂಡು ಕೂತಿದ್ದೇನೆ. ಮತ್ತೆ ಯಾವಾಗ ಕೂಗುತ್ತದೋ ಅಂತ ಕಾಯುವುದಕ್ಕಿಂತ ನಿನಗೆ ಬರೆಯುವುದು ವಾಸಿ ಅನ್ನಿಸಿತು.

ಆನೆ ಅಲ್ಲ. ಈ ಸಲವೂ ಅಲ್ಲ. ಇವರು ಟಾರ್ಚು ಹಿಡಿದು ಊರ ಹಿರಿಯ ಕೆಂಪನಂಜಪ್ಪನವರ ಜೊತೆ ಕೆರೆ ಹತ್ತಿರದ ಕಾಡಂಚಿಗೆ ಹೋಗಿ ನೋಡಿಬಂದರು. ಯಾರದೋ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿ, ಸೈರನ್ ಕಂಬಕ್ಕೆ ಮೈ ಉಜ್ಜಿಕೊಂಡು ನಿಂತಿತ್ತಂತೆ. ಮೊನ್ನೆ ಬೋರ್‌ವೆಲ್ ಮೋಟರು. ಅದಕ್ಕೆ ಮುಂಚೆ ಕಬ್ಬಿನ ಟ್ರ್ಯಾಕ್ಟರು. ಊರವರು ನಮ್ಮ ಯಂತ್ರಕ್ಕೆ 'ಕಿವಿ' ಅಂತ ಹೆಸರಿಟ್ಟಿದ್ದಾರೆ ಗೊತ್ತಾ? ನೀನು ಕಾರಿನಲ್ಲಿ ಬಂದು, ಮೊಣಕಾಲುದ್ದ ಗುಣಿ ತೋಡಿಸಿ, ನಡುಕ ಹಿಡಿಯುವ ಆ ಸೆನ್ಸರನ್ನು ಇಟ್ಟು ಮಣ್ಣು ಮುಚ್ಚಿದೆಯಲ್ಲ, ಅವತ್ತಿನಿಂದಲೇ ಆ ಹೆಸರು. ಭೂಮ್ತಾಯಿಗೆ ಕಿವಿ ಇಕ್ಕಿಬಿಟ್ರು ಅಂತ ಆಡಿಕೊಳ್ಳುತ್ತಾರೆ.

ನಮ್ಮ ಕೊನೇ ವರ್ಷದ ಪ್ರಾಜೆಕ್ಟು ಹೀಗೆ ನನ್ನ ಅತ್ತೆ ಮನೆಯ ಊರಿಗೇ ಬಂದು ನಿಲ್ಲುತ್ತದೆ ಅಂತ ಕಾಲೇಜಿನಲ್ಲಿದ್ದಾಗ ಯಾರು ಅಂದುಕೊಂಡಿದ್ದರು? ಸೋಸುವ ಭಾಗ ನಾನು ಬರೆದದ್ದು, ಸೋಸಿ ಉಳಿದದ್ದರಲ್ಲಿ ಆನೆಯ ಹೆಜ್ಜೆ ಯಾವುದು ಅಂತ ಗುರುತಿಸುವ ಭಾಗ ನೀನು. ಆಮೇಲೆ ನಾನು ಮದುವೆ, ಬಸಿರು ಅಂತ ಬಿಟ್ಟೆ. ನೀನು ಪಾಠ ಮಾಡಿಕೊಂಡೇ ಅದನ್ನು ಕೈಬಿಡದೆ ಬೆಳೆಸಿದೆ. ಡಬ್ಬದ ಮೇಲೆ ನಿನ್ನ ಹೆಸರೂ ಕಾಲೇಜಿನ ಹೆಸರೂ ಅಚ್ಚಾಗಿರುವುದನ್ನು ನೋಡಿದಾಗ ಸಂತೋಷವಾಯಿತು. ನಿಜವಾಗಿಯೂ.

ನಮ್ಮತ್ತೆ ಇದೇನು ಮಾಡ್ತದೆ ಅಂತ ಕೇಳಿದರು. ಹಿಟ್ಟು ಸೋಸುವ ಒಂದರಿ ತೋರಿಸಿ ಹೇಳಿದೆ: ನೆಲ ನಡುಗುವುದನ್ನು ಕ್ಷಣಕ್ಕೆ ನೂರಾರು ಸಲ ಅಳೆದು ಅಂಕಿ ಮಾಡ್ತದೆ, ಒಳಗಿರುವ ಉಗುರಿನಷ್ಟು ಪ್ರೊಸೆಸರ್ ಆ ಅಂಕಿಗಳನ್ನ ಸೋಸ್ತದೆ, ಮೋಟರಿನ ಗುಂಯ್ ಬೇರೆ, ಮನುಷ್ಯರ ಹೆಜ್ಜೆ ಬೇರೆ, ಆನೆ ಹೆಜ್ಜೆ ಬೇರೆ ಅಂತ. ಅವರು ಒಂದರಿಯನ್ನು ದೀಪಕ್ಕೆ ಹಿಡಿದು ನೋಡಿ, "ಅಂಗಾರೆ ನಿಮ್ ಒಂದ್ರಿ ತೂತು ದೊಡ್ಡದಾಗದೆ ಬುಡು, ಎಮ್ಮೆನೂ ಉದುರ್ತಾ ಅದೆ" ಅಂದರು.

ನಗುವ ಮಾತಲ್ಲ. ಊರಿನಲ್ಲಿ ಬೇಸರ ಬಂದುಬಿಟ್ಟಿದೆ. ನಿಮ್ಮನೆ ಮಿಷಿನ್ನು ಹೊಸಾ ಸೊಸೆ ತರ, ಮುಟ್ಟಿದ್ದಕ್ಕೆಲ್ಲ ಕೂಗ್ತದೆ ಅಂತ ಕೆಂಪನಂಜಪ್ಪನವರು ಜಗುಲಿಯಲ್ಲಿ ಕೂತು ಅಂದರು. ನಿನ್ ಹೆಂಡ್ತಿ ಕೂಗಾಟ ಕೇಳ್ಕೊಂಡೇ ಈ ಊರು ಇಷ್ಟು ವರ್ಷ ಮಲಗಿಲ್ವಾ ಅಂತ ಅತ್ತೆ ತಿರುಗಿಸಿ ಕೊಟ್ಟರು. ಆದರೂ ಹೀಗೇ ಆದರೆ ಕಿತ್ತು ಬಿಸಾಕುತ್ತಾರೆ. ಬಾಣಂತನ ಮುಗಿಸಿ ಕೊಳ್ಳೇಗಾಲದಿಂದ ಬಂದಮೇಲೆ ಒಂದು ರಾತ್ರಿಯೂ ಸರಿಯಾಗಿ ಕಣ್ಣು ಮುಚ್ಚಿಲ್ಲ ಕಣೇ ನಾನು. ಏನಾದರೂ ಮಾಡು.

ಯಂತ್ರದ ಮೆಮೊರಿ ಕಾರ್ಡು ಲಕೋಟೆಯಲ್ಲಿದೆ. ಇಲ್ಲಿ ಸಿಗ್ನಲ್ ಸಿಗುವುದು ಕೆರೆ ಏರಿ ಮೇಲೆ ಮಾತ್ರ. ಅಲ್ಲಿ ನಿಂತು ಇಷ್ಟು ದೊಡ್ಡ ಫೈಲು ಕಳಿಸುವ ಹೊತ್ತಿಗೆ ಪಾಪುವಿಗೆ ಹಲ್ಲು ಬಂದಿರುತ್ತದೆ. ಕಂಡಕ್ಟರ್ ರುದ್ರಸ್ವಾಮಿ ಅಣ್ಣ ನಿಮ್ಮ ಬೀದಿಯವರೇ ಅಂತ ತಿಳಿಯಿತು. ರಾತ್ರಿ ಯಳಂದೂರಿಗೆ ಮನೆಗೆ ಹೋಗುವಾಗ ಕೊಡುತ್ತಾರಂತೆ.

ನಿನ್ನ
ದಾಕ್ಷಿ


ಯಳಂದೂರು
೧೦ ಡಿಸೆಂಬರ್ ೨೦೨೫

ಪ್ರಿಯ ದಾಕ್ಷಾಯಿಣಿ,

ಕಾರ್ಡು ನೋಡಿದೆ. ನೀನು ಹೇಳಿದ್ದು ಸರಿ. ಮೋಟರಿನ ಸದ್ದನ್ನು ಈಗ ಸಂಪೂರ್ಣ ಕತ್ತರಿಸಿದ್ದೇನೆ, ಅದು ಸುಲಭ, ಒಂದೇ ಶ್ರುತಿಯಲ್ಲಿ ಇರುತ್ತದೆ. ಎಮ್ಮೆ, ಗಾಡಿ, ಟ್ರ್ಯಾಕ್ಟರು ಹಾಗಲ್ಲ. ಅವನ್ನು ಇಲ್ಲಿ ಕೂತು ನಾನು ಊಹಿಸಲಾರೆ. ನಿಮ್ಮೂರವರೇ ಯಂತ್ರಕ್ಕೆ ಹೇಳಿಕೊಡಬೇಕು.

ಅದಕ್ಕೆ ಕಂಬದ ಡಬ್ಬಕ್ಕೆ ಎರಡು ಬಟನ್ ಹಾಕಿಸುತ್ತಿದ್ದೇನೆ. ಹಸಿರಿನ ಮೇಲೆ 'ಆನೆ', ಕೆಂಪಿನ ಮೇಲೆ 'ಅಲ್ಲ'. ಸೈರನ್ ಆದಮೇಲೆ ಹೋಗಿ ನೋಡಿದವರು ಎರಡರಲ್ಲಿ ಒಂದನ್ನು ಒತ್ತಬೇಕು. ಒಂದೇ ಬಗೆಯ ಹೆಜ್ಜೆಗೆ ನಾಲ್ಕಾರು ಸಲ ಕೆಂಪು ಬಿತ್ತೆಂದರೆ, ಅದು ಊರಿನ ಸದ್ದು ಅಂತ ಪ್ರೊಸೆಸರ್ ಕಲಿತುಕೊಳ್ಳುತ್ತದೆ. ಆಮೇಲೆ ಅದಕ್ಕೆ ಕೂಗುವುದಿಲ್ಲ. ಯಂತ್ರಕ್ಕೆ ಕಣ್ಣಿಲ್ಲ, ನೋಡಿದವರ ಬೆರಳೇ ಅದರ ಕಣ್ಣು. ಆದ್ದರಿಂದ ನಿಜ ಒತ್ತಬೇಕು ಅಂತ ಎಲ್ಲರಿಗೂ ಹೇಳು. ಲ್ಯಾಬಿನವರು ಈ ವಾರವೇ ಬಂದು ಹಾಕಿ ಹೋಗುತ್ತಾರೆ.

ಇನ್ನೊಂದು ಮಾತು. ಶಿವರಾತ್ರಿ ಕಳೆದ ಮೇಲೆ ಅರಣ್ಯ ಇಲಾಖೆಯ ಅಧಿಕಾರಿಗಳು ನಿಮ್ಮೂರಿಗೇ ಬಂದು ಇದನ್ನು ನೋಡುತ್ತಾರೆ. ಒಪ್ಪಿದರೆ ಕಾಡಂಚಿನ ಬೇರೆ ಊರುಗಳಿಗೂ ಹಾಕುವ ಮಾತಿದೆ. ನನ್ನ ಅತಿಥಿ ಉಪನ್ಯಾಸಕಿ ಕೆಲಸ ಮುಂದುವರಿಯುವುದೂ ಅದಕ್ಕೇ ಅಂಟಿಕೊಂಡಿದೆ. ಅವರು ಮೊದಲು ಕೇಳುವುದೇ ಸುಳ್ಳು ಕೂಗು ಎಷ್ಟು ಅಂತ. ಅಷ್ಟರೊಳಗೆ ಅದು ನಿಲ್ಲಬೇಕು. ನಿನ್ನಷ್ಟೇ ನನಗೂ ಅದು ಬೇಕು.

ಪಾಪುವಿಗೆ ಒಂದು ಕುಲಾವಿ ಕಳಿಸಿದ್ದೇನೆ. ರುದ್ರಸ್ವಾಮಿಯವರ ಬ್ಯಾಗಿನಲ್ಲಿದೆ, ಕೇಳಿ ಇಸಿದುಕೋ.

ಯಶೋದ


ಶಾಗ್ಯ
೩೦ ಡಿಸೆಂಬರ್ ೨೦೨೫

ಯಶು,

ಕುಲಾವಿ ಸ್ವಲ್ಪ ದೊಡ್ಡದು, ಕಣ್ಣಿನ ತನಕ ಇಳಿಯುತ್ತದೆ. ಆದರೂ ದಿನಾ ಹಾಕುತ್ತೇನೆ.

ಯಂತ್ರ ಬುದ್ಧಿ ಕಲಿಯಿತು ಕಣೇ. ಮೊದಮೊದಲು ದಿನ ಬಿಟ್ಟು ದಿನ ಕೂಗಿತು. ಇವರೂ ಕೆಂಪನಂಜಪ್ಪನವರೂ ಸರದಿ ಮೇಲೆ ಹೋಗಿ ಬಟನ್ ಒತ್ತಿ ಬಂದರು. ಈಗ ಒಂದು ವಾರದ ಮೇಲಾಯಿತು, ಒಂದು ಸಲವೂ ಸದ್ದಿಲ್ಲ. ಊರಿನಲ್ಲಿ ನನಗೆ ಮರ್ಯಾದೆ ಬಂದಿದೆ. ಕೆಂಪನಂಜಪ್ಪನವರ ಮನೆಯಿಂದ ಒಂದು ಮೊರ ಅವರೆಕಾಯಿ ಬಂತು. ಸೊಸೆ ದಾರಿಗೆ ಬಂದ್ಲು ಅಂತ ಹೇಳಿ ಕಳಿಸಿದ್ದರು. ಅಟ್ಟಣೆ ಮೇಲೆ ರಾತ್ರಿ ಕಾವಲಿಗೆ ಹೋಗುವುದನ್ನು ಗಂಡಸರು ನಿಲ್ಲಿಸಿದ್ದಾರೆ. ಮದುವೆಯಾದಂದಿನಿಂದ ಈ ಕಾಲದಲ್ಲಿ ಇವರು ಮನೆಯಲ್ಲಿ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಗೊರಕೆ ಹೊಡೆಯುತ್ತಾರೆ ಅಂತ ಈಗ ಗೊತ್ತಾಯಿತು.

ಅಂದಮೇಲೆ ನಾನೂ ಮಲಗಬೇಕಲ್ಲ? ಆಗುತ್ತಿಲ್ಲ. ಪಕ್ಕದ ಮನೆಯ ಟಿ.ವಿ., ಇವರ ಗೊರಕೆ, ಅತ್ತೆಯ ಕೆಮ್ಮು ಯಾವುದೂ ನನ್ನನ್ನು ಎಬ್ಬಿಸುವುದಿಲ್ಲ. ಪಾಪು ತುಟಿ ಚಪ್ಪರಿಸಿದರೆ ಸಾಕು ಎದ್ದು ಕೂರುತ್ತೇನೆ. ಇಂಥ ಫಿಲ್ಟರನ್ನು ನಾವು ಯಾವ ಸೆಮಿಸ್ಟರಿನಲ್ಲೂ ಬರೆಯಲಿಲ್ಲ ನೋಡು. ಆದರೆ ಇತ್ತೀಚೆಗೆ ಪಾಪು ನಿದ್ದೆಯಲ್ಲಿರುವಾಗಲೂ ಏಳುತ್ತೇನೆ. ಎದ್ದು ಕಂಬದ ಕಡೆಗೆ ಕಿವಿಗೊಟ್ಟು ಕೂರುತ್ತೇನೆ. ಕೂಗುತ್ತಿದ್ದಾಗ ಭಯವಿರಲಿಲ್ಲ, ಬರೀ ಕೋಪವಿತ್ತು.

ಬಟನ್ ಹೇಗೆ ಒತ್ತಿದ್ದಾರೆ ಅಂತ ಕಾರ್ಡಿನಲ್ಲಿ ಇರುತ್ತದಲ್ಲ, ಒಮ್ಮೆ ನೋಡು. ಎಮ್ಮೆ, ಟ್ರ್ಯಾಕ್ಟರು ಬಿಟ್ಟು ಬೇರೇನೂ ಕೆಂಪಿಗೆ ಬಿದ್ದಿಲ್ಲ ತಾನೇ? ಇವರನ್ನು ಕೇಳಿದರೆ ಹೂಂ ಅನ್ನುತ್ತಾರೆ, ಮುಖ ನೋಡುವುದಿಲ್ಲ.

ಬಿಡುವಾದಾಗ ಬರೆ.

ದಾಕ್ಷಿ


ಶಾಗ್ಯ
೧೯ ಜನವರಿ ೨೦೨೬

ಯಶು,

ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಪರೀಕ್ಷೆಯ ಕಾಲ, ಇರಲಿ.

ಬಂಡಳ್ಳಿ ಕಡೆಯ ಸುದ್ದಿ ನಿನ್ನ ಕಿವಿಗೂ ಬಿದ್ದಿರುತ್ತದೆ. ಹಬ್ಬದ ಮಾರನೇ ದಿನ ನಸುಕಿನಲ್ಲಿ ಡೈರಿಗೆ ಹಾಲು ತರುತ್ತಿದ್ದ ಮನುಷ್ಯನನ್ನು ಆನೆ ಕೆಡವಿತಂತೆ. ಮೈಸೂರಿನ ಆಸ್ಪತ್ರೆಯ ತನಕ ಹೋಗಲಿಲ್ಲ ಜೀವ. ನೋಡಿದವರು ಹೇಳುವುದು, ಪ್ರಾಯದ ಗಂಡು, ಒಂಟಿ, ಒಂದು ದಂತ ಮುರಿದಿದೆ, ಮನುಷ್ಯರನ್ನು ಕಂಡರೆ ಹಿಂದೆ ಸರಿಯುವುದಿಲ್ಲ. ಅಲ್ಲಿಂದ ಅಟ್ಟಿದ್ದಾರಂತೆ. ಅಟ್ಟಿದ್ದು ಯಾವ ಕಡೆಗೆ ಅಂತ ಒಬ್ಬರೂ ಸರಿಯಾಗಿ ಹೇಳುತ್ತಿಲ್ಲ.

ಮೊನ್ನೆ ರಾತ್ರಿ ನಮ್ಮ ನಾಯಿ ಬಂದು ಮಂಚದ ಕೆಳಗೆ ನುಗ್ಗಿಕೊಂಡಿತು. ಬೊಗಳಲಿಲ್ಲ, ನಡುಗುತ್ತಿತ್ತು. ಎಲ್ಲೋ ದೂರದಲ್ಲಿ ಬಾಳೆದಿಂಡು ಮುರಿದ ಹಾಗೆ ಸದ್ದಾಯಿತು. ನಾನು ಎದ್ದು ಸೈರನ್ನಿಗೆ ಕಾದೆ. ಕಾದೆ, ಕಾದೆ, ಕೂಗಲಿಲ್ಲ. ಹಾಗಾದರೆ ಏನೂ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡು ಪಾಪುವನ್ನು ಎದೆಗೆ ಒತ್ತಿಕೊಂಡು ಬೆಳಗು ಮಾಡಿದೆ.

ಬೆಳಿಗ್ಗೆ ಬಟ್ಟೆ ಒಗೆಯಲು ಕೆರೆಗೆ ಹೋದರೆ ಕೆಸರಿನಲ್ಲಿ ಹೆಜ್ಜೆ ಇತ್ತು. ಮೊರದಷ್ಟು ಅಗಲ. ನೀರು ಇನ್ನೂ ಅದರೊಳಕ್ಕೆ ಜಿನುಗುತ್ತಿತ್ತು. ಓಡಿ ಬಂದು ಇವರಿಗೆ ಹೇಳಿದೆ. ಹಳೇದಿರಬೇಕು ಬಿಡು ಅಂದರು. ಜಗುಲಿ ಮೇಲಿದ್ದ ಕೆಂಪನಂಜಪ್ಪನವರು ಇವರ ಮುಖ ನೋಡಿದರು, ಇವರು ಅವರ ಮುಖ ನೋಡಿದರು. ನಾನು ಒಳಗೆ ಹೋಗಲಿ ಅಂತ ಇಬ್ಬರೂ ಕಾಯುತ್ತಿದ್ದ ಹಾಗಿತ್ತು.

ಆ ರಾತ್ರಿ ಕಿವಿ ಏನು ಕೇಳಿತು? ಕಾರ್ಡು ಕಳಿಸಿದ್ದೇನೆ. ದಯವಿಟ್ಟು ಇವತ್ತೇ ನೋಡು.

ದಾಕ್ಷಿ


ಯಳಂದೂರು
೨೭ ಜನವರಿ ೨೦೨೬

ದಾಕ್ಷಾಯಿಣಿ,

ನೋಡಿದೆ. ಎಚ್ಚರಿಕೆಯ ಪಟ್ಟಿ ಖಾಲಿ ಇದೆ. ಆ ರಾತ್ರಿ ಯಂತ್ರ ಆನೆ ಅಂತ ಯಾವುದನ್ನೂ ಗುರುತಿಸಿಲ್ಲ. ಬ್ಯಾಟರಿ ಚೆನ್ನಾಗಿದೆ, ಸೆನ್ಸರ್ ಚೆನ್ನಾಗಿದೆ.

ಬೇಸರ ಮಾಡಿಕೊಳ್ಳಬೇಡ. ನೀನು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದೀಯ. ನಿದ್ದೆ ಇಲ್ಲದವರಿಗೆ ಹಳೆಯ ಹೆಜ್ಜೆಯೂ ಹೊಸದಾಗಿ ಕಾಣುತ್ತದೆ. ನಮ್ಮಕ್ಕನಿಗೂ ಹೆರಿಗೆಯಾದಮೇಲೆ ಹೀಗೇ ಆಗಿತ್ತು, ಡಾಕ್ಟರಿಗೆ ತೋರಿಸಿದಮೇಲೆ ಸರಿಹೋಯಿತು.

ಅಧಿಕಾರಿಗಳು ಬಂದು ಹೋಗುವ ತನಕ ನಾನು ಪ್ರೋಗ್ರಾಮ್ ಮುಟ್ಟುವುದಿಲ್ಲ. ಈಗ ಕೈಹಾಕಿದರೆ ಎಲ್ಲ ಮೊದಲಿನಿಂದ.

ಯಶೋದ


ಶಾಗ್ಯ
೪ ಫೆಬ್ರವರಿ ೨೦೨೬

ಯಶೋದ,

ನಿನ್ನ ಕಾಗದ ಓದಿ ಎರಡು ದಿನ ಏನೂ ಬರೆಯಬಾರದು ಅಂದುಕೊಂಡಿದ್ದೆ. ಡಾಕ್ಟರಿಗೆ ಆಮೇಲೆ ತೋರಿಸೋಣ. ಮೊದಲು ಇದನ್ನು ಓದು.

ನಿನ್ನೆ ಅತ್ತೆ ಪಾಪುವಿಗೆ ಎಣ್ಣೆ ತಿಕ್ಕುತ್ತ, ಮಾತಿಗೆ ಮಾತು ಬಂದ ಹಾಗೆ, ಮೊನ್ನೆ ರಾತ್ರಿ ತಾತ ಬಂದೋದ್ನಂತೆ, ಯಾರ್ನೂ ಒಂದ್ ಮಾತಾಡಿಸಿಲ್ಲ, ನೀರು ಕುಡ್ದು ಓದ್ನಂತೆ ಅಂದರು. ಯಾವ ತಾತ ಅತ್ತೆ, ಅಂದೆ. ಅಯ್ಯೋ ಗೊತ್ತಿಲ್ವಾ ನಿಂಗೆ ಅಂತ ಕೈ ಮುಗಿದರು. ಮುದಿ ಆನೆಯಂತೆ. ಹಿಂಗಾಲು ಒಂದನ್ನು ಎಳೆದುಕೊಂಡು ನಡೆಯುತ್ತದಂತೆ. ವರ್ಷ ವರ್ಷ ಈ ದಿನಗಳಲ್ಲಿ ಕೆರೆಗೆ ಬರುತ್ತದೆ, ನೀರು ಕುಡಿಯುತ್ತದೆ, ಎರಡು ಬಾಳೆ ಮುರಿದು ತಿಂದು ಹೋಗುತ್ತದೆ. ಅದು ಮಾದಪ್ಪ ಸ್ವಾಮಿಯದು ಅಂತ ಹಿರಿಯರ ನಂಬಿಕೆ. ಅದಕ್ಕೆ ಯಾರೂ ಪಟಾಕಿ ಹಚ್ಚುವುದಿಲ್ಲ, ಕೂಗುವುದಿಲ್ಲ. ಅದನ್ನು ಆನೆ ಅಂತ ಕರೆಯುವುದೂ ಇಲ್ಲ.

 ಪಾಪುವನ್ನು ಅತ್ತೆಯ ಕಾಲ ಮೇಲೆಯೇ ಬಿಟ್ಟು ಕೆಂಪನಂಜಪ್ಪನವರ ಮನೆಗೆ ಹೋದೆ. ಡಿಸೆಂಬರಿನಲ್ಲಿ ಸೈರನ್ ಕೂಗಿದಾಗ ತಾತ ಬಂದಿದ್ದನಾ, ಬಂದಾಗ ನೀವು ಯಾವ ಬಟನ್ ಒತ್ತಿದ್ರಿ ಅಂತ ಕೇಳಿದೆ. ಅವರಿಗೆ ನಾನು ಕೇಳುತ್ತಿರುವುದೇ ವಿಚಿತ್ರ ಅನ್ನಿಸಿತು.

"ಅದ್ನ ಆನೆ ಅಂತ ಎಂಗವ್ವಾ ಒತ್ತಾದು? ಪಾಪ ಬರಕಿಲ್ವಾ? ಅಲ್ಲ ಅಂತ್ಲೇ ಒತ್ದೊ, ಕೈ ಮುಗ್ದು ಬಂದೊ."

ಒಂದು ಸಲವಲ್ಲ. ಪ್ರತಿ ಸಲ. ಇವರೂ ಹಾಗೇ ಮಾಡಿದ್ದಾರೆ. ನಾನು ಬೈತೇನೆ ಅಂತ ನನಗೆ ಹೇಳಲಿಲ್ಲವಂತೆ.

ಅರ್ಥವಾಯಿತಾ? ನಿನ್ನ ಪಟ್ಟಿ ಖಾಲಿ ಇರುವುದು ಆನೆ ಬಾರದೆ ಅಲ್ಲ. ಆನೆಯ ಹೆಜ್ಜೆ ಆನೆಯದಲ್ಲ ಅಂತ ನಾವೇ ಯಂತ್ರಕ್ಕೆ ಪಾಠ ಹೇಳಿದ್ದೇವೆ.

ರಾತ್ರಿ ನನ್ನ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಈಗ ಯಂತ್ರದಲ್ಲಿರುವ ಕಾರ್ಡನ್ನು ಬಿಚ್ಚಿ ತಂದಿದ್ದೆ. ಅದರಲ್ಲಿ ಸೋಸದ ಮೂಲ ಅಂಕಿಗಳು ಇರುತ್ತವಲ್ಲ, ತೊಟ್ಟಿಲ ಹಗ್ಗ ಕಾಲಿನಲ್ಲಿ ಜಗ್ಗಿಕೊಂಡು ಅದಕ್ಕೆ ನಮ್ಮ ಕಾಲೇಜಿನ ದಿನಗಳ ಫಿಲ್ಟರನ್ನೇ ಮತ್ತೆ ಬರೆದು ಹಾಕಿದೆ. ತಾತನ ನಡಿಗೆ ಕಾಣುತ್ತದೆ: ನಿಧಾನ, ನಾಲ್ಕನೇ ಹೆಜ್ಜೆ ಉಜ್ಜಿದ ಹಾಗೆ. ಆದರೆ ಜನವರಿ ಕೊನೆಯ ವಾರದಿಂದ ಇನ್ನೊಂದು ನಡಿಗೆ ಇದೆ. ಬಿರುಸು, ಭಾರ, ಯಾವ ಕಾಲನ್ನೂ ಎಳೆಯುವುದಿಲ್ಲ. ಅದೂ ಕೆರೆ ತನಕ ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಯಂತ್ರ ಅದನ್ನೂ ತಾತನ ಲೆಕ್ಕಕ್ಕೇ ಬರೆದುಕೊಂಡಿದೆ.

ಕಲಿತದ್ದನ್ನು ಅಳಿಸುವ ಪಾಸ್‌ವರ್ಡ್ ನಿನ್ನ ಹತ್ತಿರ ಇದೆ. ಬಂದು ಅಳಿಸು, ಇಲ್ಲ ನನಗೆ ಹೇಳು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಕಾವೇರಿ ದಾಟಿ ಇದೇ ದಾರಿಯಲ್ಲಿ ಬರುತ್ತಾರೆ. ಕೆರೆ ಪಕ್ಕದ ಹುಣಸೆ ತೋಪಿನಲ್ಲಿ ರಾತ್ರಿ ಮಲಗುತ್ತಾರೆ.

ದಾಕ್ಷಿ


ಶಾಗ್ಯ
೮ ಫೆಬ್ರವರಿ ೨೦೨೬

ಯಶು,

ಏರಿ ಮೇಲೆ ನಿಂತು ನಿನ್ನೆಯೂ ಇವತ್ತೂ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ಕಾಗದ ನಿನ್ನ ಕೈಗೇ ಕೊಟ್ಟೆ ಅಂತ ರುದ್ರಸ್ವಾಮಿ ಅಣ್ಣ ಹೇಳುತ್ತಾರೆ. ನೀನು ಅಲ್ಲೇ ಬಾಗಿಲಲ್ಲಿ ನಿಂತು ಓದಿದೆಯಂತೆ. ಓದಿ, ಸರಿ ಅಂದೆಯಂತೆ.

ಸರಿ ಅಂದರೆ ಏನು?

ದಾಕ್ಷಿ


ಶಾಗ್ಯ
೧೧ ಫೆಬ್ರವರಿ ೨೦೨೬, ಸಂಜೆ

ಯಶು,

ಕೊನೇ ಬಸ್ಸು ಹೊರಡುವುದರೊಳಗೆ ಇದನ್ನು ಮುಗಿಸಬೇಕು. ಅಕ್ಷರ ಸರಿಯಿಲ್ಲದಿದ್ದರೆ ಅರ್ಥ ಮಾಡಿಕೋ. ಪಾಪು ತೊಡೆ ಮೇಲಿದೆ.

ಈ ಮೂರು ದಿನ ನಾನು ಸುಮ್ಮನೆ ಕೂತಿಲ್ಲ. ಹಿರಿಯರ ಮುಂದೆ ಲ್ಯಾಪ್‌ಟಾಪ್ ಇಟ್ಟು ಎರಡು ನಡಿಗೆಯನ್ನೂ ತೋರಿಸಿದೆ. ಗೆರೆ ನೋಡಿದರು, ನನ್ನ ಕಣ್ಣ ಕೆಳಗಿನ ಕಪ್ಪು ನೋಡಿದರು. ಡಿಸೆಂಬರಿನಲ್ಲಿ ಆ ಯಂತ್ರ ಕೂಗಿದರೆ ನಂಬುತ್ತಿರಲಿಲ್ಲ ಇದೇ ಜನ. ಈಗ ಅದು ಸುಮ್ಮನಿದ್ದರೆ ನಂಬುತ್ತಾರೆ.

ನಿನ್ನೆ ಮಧ್ಯಾಹ್ನ ಇನ್ನು ತಡೆಯಲಾಗಲಿಲ್ಲ. ಒನಕೆ ತೆಗೆದುಕೊಂಡು ಹೋಗಿ ಕಿವಿ ಹೂತಿರುವ ಕಡೆ ನೆಲ ಕುಟ್ಟಿದೆ. ಎರಡೂ ಆನೆಯ ನಡಿಗೆ ಕುಟ್ಟಿ ತೋರಿಸಿದರೆ, ಯಂತ್ರ ಎರಡಕ್ಕೂ ಸುಮ್ಮನಿರುವುದನ್ನು ಜನರೇ ನೋಡುತ್ತಾರೆ ಅಂದುಕೊಂಡೆ. ಒನಕೆ ಭಾರ, ತಾಳ ತಪ್ಪಿತು. ತಾನು ಕಲಿಯದ ತಾಳ ಕೇಳಿ ಯಂತ್ರ ಸೈರನ್ ಕೂಗಿಸಿಬಿಟ್ಟಿತು. ಗದ್ದೆಯಲ್ಲಿದ್ದವರೆಲ್ಲ ಓಡಿ ಬಂದರು. ಬಂದು ನೋಡಿದರೆ ಗೌರ್ಮೆಂಟ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸೊಸೆ ತಲೆ ಕೆದರಿಕೊಂಡು ಒನಕೆ ಹಿಡಿದು ನಿಂತಿದ್ದಾಳೆ. ಯಾರೋ ನಕ್ಕರು. ಕೆಂಪನಂಜಪ್ಪನವರು ನಗಲಿಲ್ಲ. ಒನಕೆಯನ್ನು ನನ್ನ ಕೈಯಿಂದ ಮೆತ್ತಗೆ ತೆಗೆದುಕೊಂಡು, "ನೋಡವ್ವಾ, ಚೆಂದಾಗೇ ಕೂಗ್ತಾ ಅದಲ್ಲ ನಿನ್ ಮಿಷಿನ್ನು. ಅದೇ ಸುಮ್ಕದೆ, ನೀನ್ಯಾಕೆ ಬಡ್ಕೊಂಡೀಯೆ. ಓಗು, ಕೂಸ್ಗೆ ಆಲು ಕುಡ್ಸೋಗು" ಅಂದರು.

ನನ್ನ ಮಾತು ಸುಳ್ಳು ಅನ್ನುವುದಕ್ಕೆ ನಾನೇ ಸಾಕ್ಷಿ ಒದಗಿಸಿದೆ. ಬಾಣಂತಿ ಗಾಳಿ ಅಂತ ಅತ್ತೆ ರಾತ್ರಿ ನಿಂಬೆಹಣ್ಣು ಇಳಿತೆಗೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಳಿತೆಗೆಯುವಾಗ ಅವರ ಕಣ್ಣಲ್ಲಿ ನೀರಿತ್ತು.

ಇವತ್ತು ಮಧ್ಯಾಹ್ನದಿಂದ ಬೆಟ್ಟದ ನಡಿಗೆಯವರು ಬರುತ್ತಿದ್ದಾರೆ. ಇನ್ನೂರಕ್ಕೆ ಕಡಿಮೆಯಿಲ್ಲ. ಕಾಲು ಬೊಬ್ಬೆ ಬಂದವರು, ತಲೆ ಮೇಲೆ ಗಂಟು ಹೊತ್ತವರು, ಉಘೇ ಮಾದಪ್ಪ ಅಂದುಕೊಂಡು ಬಂದು ಹುಣಸೆ ಮರದ ಕೆಳಗೆ ಹಾಗೇ ಉರುಳಿಕೊಳ್ಳುತ್ತಾರೆ. ಅವರಿಗೆ ಊಟ ಹಾಕುವುದು ನಮ್ಮೂರಿನ ಪದ್ಧತಿ. ಊಟದ ಚಪ್ಪರಕ್ಕೆ ಬಿದಿರಿನ ಗಳು ಸಾಲದೆ ಕಾವಲಿನ ಅಟ್ಟಣೆಯನ್ನೇ ಬಿಚ್ಚಿ ತಂದಿದ್ದಾರೆ. ಉಳಿದ ಅನ್ನ, ಪಾಯಸ, ಬಾಳೆಹಣ್ಣಿನ ಸಿಪ್ಪೆ ಎಲ್ಲ ತೋಪಿನ ಹಿಂದೆ, ಕಾಡಿನ ಕಡೆಗೆ ರಾಶಿ ಬಿದ್ದಿದೆ. ಅದರ ವಾಸನೆ ಇಲ್ಲಿಗೇ ಬರುತ್ತಿದೆ.

ಅವರಲ್ಲಿ ಒಬ್ಬಳು ನಮ್ಮ ಮನೆ ಬಾಗಿಲಿಗೆ ಬಿಸಿನೀರು ಕೇಳಿಕೊಂಡು ಬಂದಳು. ಸೊಂಟದಲ್ಲಿ ಮಗು, ನಮ್ಮ ಪಾಪುವಿನಷ್ಟೇ. ಇಲ್ಲೇ ನಡುಮನೆಯಲ್ಲಿ ಮಲಗು ಅಂತ ಬೇಡಿಕೊಂಡೆ. ಹರಕೆಯಂತೆ, ಬೆಟ್ಟ ಮುಟ್ಟುವ ತನಕ ಸೂರಿನ ಕೆಳಗೆ ಮಲಗುವ ಹಾಗಿಲ್ಲವಂತೆ. ನೀರು ಇಸಿದುಕೊಂಡು ತೋಪಿಗೇ ಹೋದಳು.

ಅರಣ್ಯದ ಕಾವಲಿನವರಿಗೆ ಹೇಳಿ ಕಳಿಸಿದೆ. ಇವತ್ತು ಎಲ್ಲರನ್ನೂ ಹೊಳೆ ದಾಟುವ ಕಡೆ ಹಾಕಿದ್ದಾರಂತೆ, ನಾಳೆ ಬರುತ್ತಾರಂತೆ.

ಇವರು ಊಟ ಬಡಿಸಿ ತೋಪಿನಲ್ಲೇ ಮಲಗುತ್ತಾರೆ. ಹೊರಡುವಾಗ ಬಾಗಿಲಿಗೆ ಅಡ್ಡ ನಿಂತೆ. ನಾನು ಅಳುತ್ತೇನೆ ಅಂದುಕೊಂಡರೇನೋ, ತಲೆ ಸವರಿದರು. ಆಮೇಲೆ ಅಂದರು, "ದಾಕ್ಷಿ, ನನ್ಗೂ ಒಳಗೊಳಗೇ ಹೆದ್ರಿಕೆ ಅದೆ. ಆದ್ರೆ ನನ್ ಹೆಂಡ್ತಿ ಹೇಳ್ತಾಳೆ ಅಂತ ಇನ್ನೂರು ಜನನ ಎಬ್ಸಕಾಯ್ತದಾ? ಮಿಷಿನ್ ಮಾಡ್ದೋರು ಒಂದ್ ಮಾತು ಹೇಳ್ಲಿ. ಆ ಗಳಿಗೇಲೆ ಎಬ್ಬಿಸ್ತೀನಿ, ಸ್ಕೂಲ್ ಬಯಲಿಗೆ ಕರ್ಕೊಂಡು ಬರ್ತೀನಿ, ಬೆಂಕಿ ಹಾಕಿಸ್ತೀನಿ."

ಮಿಷಿನ್ ಮಾಡಿದವರು. ಡಬ್ಬದ ಮೇಲೆ ಯಾರ ಹೆಸರಿದೆಯೋ ಅವರು.

ಬೆಟ್ಟಕ್ಕೆ ಹೋಗುವ ಜನ ಬಯಲಿನಲ್ಲಿ ಮಲಗಿದರೆ ಹರಕೆಗೆ ಭಂಗವಿಲ್ಲ, ಆಕಾಶವೇ ತಲೆ ಮೇಲಿರುತ್ತದೆ. ನಾನು ಅದನ್ನೂ ಕೇಳಿ ತಿಳಿದುಕೊಂಡೆ. ಬೇಕಾಗಿರುವುದು ನಿನ್ನ ಒಂದು ಮಾತು.

ನೀನು ಯಾಕೆ ಫೋನ್ ಎತ್ತುತ್ತಿಲ್ಲ ಅಂತ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಅಧಿಕಾರಿಗಳು ಬರುವುದು ಮುಂದಿನ ವಾರ. ಯಂತ್ರ ತಪ್ಪು ಕಲಿತಿದೆ ಅಂತ ಇವತ್ತು ನಿನ್ನ ಬಾಯಿಂದ ಬಂದರೆ ನಾಳೆ ಅದು ಹನೂರಿನ ಅರಣ್ಯ ಕಚೇರಿಯ ತನಕ ಹೋಗುತ್ತದೆ. ನಿನ್ನ ಕೆಲಸ, ನಿನ್ನ ಇಷ್ಟು ವರ್ಷದ ಶ್ರಮ. ನಾನು ನಡುವೆ ಬಿಟ್ಟು ಹೋದದ್ದನ್ನು ನೀನು ಒಬ್ಬಳೇ ಹೊತ್ತು ತಂದದ್ದು. ಅದನ್ನು ಬೀಳಿಸು ಅಂತ ನಾನು ಕೇಳುತ್ತಿದ್ದೇನೆ. ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಕೇಳುತ್ತಿದ್ದೇನೆ.

ನನ್ನ ಲೆಕ್ಕ ಸರಿ ಅಂತ ಹೇಳಬೇಡ, ಬೇಕಿಲ್ಲ. ಊರವರು ತಪ್ಪು ಬಟನ್ ಒತ್ತಿದರು ಅಂತಲೂ ಹೇಳಬೇಡ, ತಾತನ ವಿಷಯ ಎತ್ತಿದರೆ ಹಿರಿಯರು ಎದ್ದು ಹೋಗುತ್ತಾರೆ. ಮಿಷಿನ್ ಕೆಟ್ಟಿದೆ ಅನ್ನು. ತಂತಿ ಸುಟ್ಟಿದೆ, ನೀರು ನುಗ್ಗಿದೆ, ಏನಾದರೂ ಅನ್ನು. ನಂಬುತ್ತಾರೆ. ನೀನು ಅಂದರೆ ನಂಬುತ್ತಾರೆ. ಆಮೇಲೆ ಆನೆ ಬಾರದೆಯೇ ಬೆಳಗಾದರೆ ಸುಳ್ಳಿನ ಹೊಣೆ ನನ್ನ ಮೇಲೆ ಹಾಕು, ಹುಚ್ಚಿ, ಹಟ ಹಿಡಿದು ಹೇಳಿಸಿದಳು ಅನ್ನು. ಈಗಾಗಲೇ ಅರ್ಧ ಊರು ಹಾಗೇ ಅನ್ನುತ್ತಿದೆ.

ಇವರ ನಂಬರು ಲಕೋಟೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ತೋಪು ಏರಿಗೆ ಒತ್ತಿಕೊಂಡೇ ಇದೆ, ಅಲ್ಲಿ ಸಿಗ್ನಲ್ ಸಿಗುತ್ತದೆ. ಫೋನನ್ನು ತಲೆದೆಸೆಯಲ್ಲಿ ಇಟ್ಟುಕೊಂಡೇ ಮಲಗುತ್ತೇನೆ ಅಂತ ಇವರು ಮಾತು ಕೊಟ್ಟಿದ್ದಾರೆ. ಇದನ್ನು ಎಷ್ಟು ಹೊತ್ತಾದರೂ ನಿನ್ನ ಕೈಗೇ ಕೊಡುತ್ತೇನೆ, ಬಾಗಿಲು ತೆಗೆಯದಿದ್ದರೆ ಕಿಟಕಿ ಬಡಿಯುತ್ತೇನೆ ಅಂದಿದ್ದಾರೆ ರುದ್ರಸ್ವಾಮಿ ಅಣ್ಣ. ಆ ಎರಡನೇ ನಡಿಗೆ ಕೆರೆಗೆ ಬರುವುದು ನಸುಕಿನ ಮುಂಚೆ, ಪ್ರತಿ ಸಲವೂ. ಅಷ್ಟರ ತನಕ ಸಮಯವಿದೆ.

ಬಸ್ಸು ಹಾರನ್ ಹೊಡೆಯುತ್ತಿದೆ. ಬೆಳಗಾಗುವುದರೊಳಗೆ ಫೋನ್ ಮಾಡು ಯಶು. ನನಗಲ್ಲ, ನನ್ನ ಜೊತೆ ನೀನು ಇನ್ನು ಯಾವತ್ತೂ ಮಾತಾಡದಿದ್ದರೂ ಆಗಲಿ. ಇವರಿಗೆ ಮಾಡು. ಒಂದೇ ಮಾತು ಹೇಳಿ ಇಟ್ಟುಬಿಡು. ಮಾಡ್ತೀಯಲ್ಲ?

ದಾಕ್ಷಿ